ಪಕ್ಕದ ಸೀಟಿನ ಮೌನ

ಆ ಕೆಲಸ ಶುರುವಾದ ದಿನ ಬೆಳಗ್ಗೆ ನಾನು ಸ್ಟುಡಿಯೊ ಬಾಗಿಲಲ್ಲಿ ನಿಂತು, ಕರ್ಚೀಫಿನ ತುದಿಯನ್ನು ಒದ್ದೆ ಮಾಡಿಕೊಂಡು, ಹಣೆಯ ಮೇಲಿನ ವಿಭೂತಿ ಒರೆಸಿಕೊಂಡೆ. ಬರುತ್ತಿದ್ದವರು ಕ್ರೈಸ್ತ ಲೇಖಕಿ. ಓದಬೇಕಿದ್ದದ್ದು ಅವರೇ ಬರೆದ ಕಾದಂಬರಿ. ಅದರಲ್ಲಿ ಒಂದು ಪಾತ್ರ ಸಾಕ್ಷಾತ್ ದೇವರು. ಅವರ ದೇವರಿಗೂ ಅವರಿಗೂ ನಡುವೆ ನನ್ನ ಹಣೆಯ ಮೂರು ಗೆರೆ ಯಾಕೆ ಅಡ್ಡ ಬರಬೇಕು ಎಂದು ನನ್ನ ಯೋಚನೆ. ಅದೇ ಉಮೇದಿನಲ್ಲಿ ಗೋಡೆಯ ಮೇಲಿದ್ದ ಶಿವನ ಫೋಟೊ ತೆಗೆದು ಡ್ರಾಯರಿನಲ್ಲಿಟ್ಟು, ಹಿಂದಿನ ದಿನ ವಿಜಯನಗರ ಮಾರ್ಕೆಟ್ಟಿನಲ್ಲಿ ಕೊಂಡಿದ್ದ ಯೇಸುವಿನ ಪಟವನ್ನು ಅದೇ ಮೊಳೆಗೆ ನೇತುಹಾಕಿದ್ದೆ.

ಲೇಖಕಿ ಒಳಗೆ ಬಂದವರು ಮೊದಲು ಪಟ ನೋಡಿದರು, ಆಮೇಲೆ ನನ್ನ ಹಣೆ ನೋಡಿದರು. ಕಾನ್ವೆಂಟ್ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹೋಮ್‌ವರ್ಕ್ ಮಾಡದೆ ಬಂದ ಮಕ್ಕಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದರೆಂದು ಕಾಣುತ್ತದೆ.

"ಎಡಗಡೆ ಸ್ವಲ್ಪ ಉಳ್ಕೊಂಡಿದೆ ನೋಡಿ," ಅಂದರು.

"ಏನು ಮೇಡಂ?"

"ವಿಭೂತಿ. ನನಗೋಸ್ಕರ ಒರೆಸ್ಕೊಂಡ್ರಾ? ಅಯ್ಯೋ ಪಾಪ. ನಾಳೆಯಿಂದ ಹಚ್ಕೊಂಡೇ ಬನ್ನಿ. ನನ್ನ ದೇವರು ಅಷ್ಟಕ್ಕೆಲ್ಲ ಬೇಜಾರು ಮಾಡ್ಕೊಳ್ಳಲ್ಲ. ಇಲ್ಲಿದ್ದ ಫೋಟೋನೂ ಇಲ್ಲೇ ಹಾಕಿ."

ನಾನು ಪೆಚ್ಚಾಗಿ ನಕ್ಕೆ. ಮೊಳೆ ಒಂದೇ ಇದ್ದದ್ದರಿಂದ ಇನ್ನೊಂದು ಹೊಡೆದು ಎರಡನ್ನೂ ಹಾಕಿದೆ. ಅಂದಿನಿಂದ ಅವರು ನನಗೆ ಮೇಡಂ ಆಗಿ ಉಳಿಯಲಿಲ್ಲ, ಟೀಚರ್ ಆದರು.

ನನ್ನದು ಟೈಲರ್ ಅಂಗಡಿಯೊಂದರ ಮೇಲಿನ ಪುಟ್ಟ ಸ್ಟುಡಿಯೊ. ಜಾಹೀರಾತು, ಭಕ್ತಿಗೀತೆ, ಈಚೆಗೆ ಆಡಿಯೊ ಪುಸ್ತಕ. ಈ ಕಾದಂಬರಿಯನ್ನು ತಂದುಕೊಟ್ಟವನು ನಾಗರಬಾವಿಯಲ್ಲಿ ಪ್ರಕಾಶನ ನಡೆಸುವ ನನ್ನ ಹಳೆಯ ಗೆಳೆಯ. ಕಥೆ ಸರಳ. ಬೈಕ್ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು, ಹೂವು ಹಿಡಿದು ಬಸ್ಸಿನಲ್ಲಿ ಸಮಾಧಿಗೆ ಹೋಗುತ್ತಾಳೆ. ಒಂದು ಭಾನುವಾರ ಪಕ್ಕದ ಸೀಟಿಗೆ ದೇವರು ಬಂದು ಕೂರುತ್ತಾನೆ. ಹೂವು ಎಷ್ಟು ಕೊಟ್ಟಿರಿ ಎನ್ನುತ್ತಾನೆ, ಕಿಟಕಿ ಮುಚ್ಚಲಾ ಎನ್ನುತ್ತಾನೆ, ಹೆಚ್ಚು ಮಾತಿಲ್ಲ. ವಾರ ವಾರವೂ ಬರುತ್ತಾನೆ. ಕೊನೆಯ ಭಾಗದಲ್ಲಿ ಅವಳು ಕೇಳಿಯೇಬಿಡುತ್ತಾಳೆ: "ನನ್ನ ಮಗ ರಸ್ತೆಯಲ್ಲಿ ಬಿದ್ದಿದ್ದಾಗ ನೀನು ಎಲ್ಲಿದ್ದೆ?" ಅದಾದ ಮೇಲೆ ಪುಸ್ತಕದಲ್ಲಿ ಅರ್ಧ ಪುಟ ಖಾಲಿ. ಕೆಳಗೆ ಎರಡೇ ವಾಕ್ಯ: "ಬಸ್ಸು ನಿಂತಿತು. ಅವನು ಇಳಿಯಲಿಲ್ಲ."

ಆ ಖಾಲಿ ಅರ್ಧ ಪುಟ ನನಗೆ ಎಷ್ಟು ಕೆಲಸ ಕೊಡಲಿದೆ ಎಂದು ಮೊದಲು ಓದಿದಾಗ ಹೊಳೆಯಲೇ ಇಲ್ಲ.

ಟೀಚರ್ ಒಬ್ಬರೇ ಬರುತ್ತಿರಲಿಲ್ಲ. ಕೆಂಗೇರಿಯಿಂದ ಮೆಟ್ರೊದಲ್ಲಿ ಅವರ ಯಜಮಾನರೂ ಜೊತೆಗೆ ಬಂದು, ಅವರನ್ನು ಮೆಟ್ಟಿಲು ಹತ್ತಿಸಿ, ತಾವು ಮಾತ್ರ ಕೆಳಗೆ ಟೀ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಸಿಟಿ ಬಸ್ ಡ್ರೈವರ್ ಆಗಿ ನಿವೃತ್ತರಾದವರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು. ಮೇಲೆ ಬನ್ನಿ ಅಂಕಲ್, ಏಸಿ ಇದೆ ಎಂದು ಎಷ್ಟು ಕರೆದರೂ ಬರಲಿಲ್ಲ. ಯಾಕೆಂದು ಮೊದಲ ವಾರವೇ ಟೀಚರ್ ನೀರು ಕುಡಿಯುವ ಬಿಡುವಿನಲ್ಲಿ ಹೇಳಿದರು.

"ಕಥೆ ನಮ್ಮದೇ ಅಂತ ನಿಮಗೆ ಗೊತ್ತಾಗಿರುತ್ತೆ. ಒಬ್ಬನೇ ಮಗ. ಅವನು ಹೋದಮೇಲೆ ಇವರು ಚರ್ಚಿನ ಒಳಗೆ ಕಾಲಿಟ್ಟಿಲ್ಲ. ನನ್ನ ಕರ್ಕೊಂಡು ಬರ್ತಾರೆ, ಗೇಟಿನ ಹತ್ರ ನಿಂತ್ಕೋತಾರೆ, ಪೂಜೆ ಮುಗಿದ ಮೇಲೆ ಕರ್ಕೊಂಡು ಹೋಗ್ತಾರೆ. ಮನೇಲಿ ಮಗನ ಹೆಸರು ಎತ್ತಿದ್ರೆ ಎದ್ದು ಹೋಗ್ತಾರೆ. ಕಣ್ಣಿನ ಒತ್ತಡದ ಕಾಯಿಲೆ ಬೇರೆ, ಅಕ್ಷರ ಕಾಣಲ್ಲ. ಪುಸ್ತಕ ಬಂದಾಗ ನಾನೇ ಓದಿ ಹೇಳ್ತೀನಿ ಅಂದೆ. ಆಗ್ಲೂ ಎದ್ದು ಹೋದ್ರು." ಲೋಟ ಕೆಳಗಿಟ್ಟರು. "ಮೊಬೈಲ್ ಆ್ಯಪಲ್ಲಿ ಯಾರು ಕೇಳ್ತಾರೋ ಬಿಡ್ತಾರೋ ನಂಗೆ ಚಿಂತೆ ಇಲ್ಲ. ಅವರೊಬ್ರು ಕೇಳಬೇಕು. ಅದಕ್ಕೇ ಓದ್ತಿರೋದು."

ನವೆಂಬರ್ ಶುರುವಿನಲ್ಲಿ ಅವರಿಗೆ ಕಲ್ಲರೆ ಹಬ್ಬ. ಸತ್ತವರ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವ ದಿನ. ಅಷ್ಟರೊಳಗೆ ರೆಕಾರ್ಡಿಂಗ್ ಮುಗಿಯಬೇಕೆನ್ನುವುದು ಅವರ ಆಸೆ. ಆಗ ದಸರಾ ಮುಗಿದಿತ್ತಷ್ಟೆ. ಧಾರಾಳ ಸಮಯವಿದೆ ಎಂದು ನಾನು ಭರವಸೆ ಕೊಟ್ಟೆ.

ಮಧ್ಯಾಹ್ನ ಟೀ ಕುಡಿಯಲು ಇಳಿದಾಗ ಅಂಕಲ್ ಪಕ್ಕದಲ್ಲಿ ಕೂರುವುದು ರೂಢಿಯಾಯಿತು. ಪುಸ್ತಕದ ಮಾತನ್ನು ಅವರೇ ತೆಗೆದರು.

"ದೇವ್ರು ಬಸ್ಸಲ್ಲಿ ಬರ್ತಾನಂತಲ್ಲ ಸಾರ್, ಇವ್ಳ ಕಥೇಲಿ? ಸರ್ವೀಸು ಪೂರ್ತಿ ಬಸ್ ಓಡ್ಸಿದೀನಿ. ನನ್ನ ಗಾಡೀಗೆ ಒಂದಿನಾನೂ ಹತ್ಲಿಲ್ಲ."

"ಹತ್ತಿದ್ರೂ ಹಿಂದಿನ ಬಾಗ್ಲಲ್ಲಿ ಹತ್ತಿರಬಹುದು ಅಂಕಲ್. ನೀವು ರೋಡ್ ನೋಡ್ತಿರ್ತೀರಲ್ಲ."

ಅವರು ನಗಲಿಲ್ಲ, ಆದರೆ ಅಂದಿನ ಟೀ ನನಗೆ ಕೊಡಿಸಿದರು. ಇನ್ನೊಂದು ದಿನ ನನ್ನ ಹಣೆ ನೋಡುತ್ತಾ, "ನಿಮ್ಮಲ್ಲೂ ಮಣ್ಣು ಮಾಡೋದೇ ಅಲ್ವಾ, ಸುಡಲ್ಲ?" ಎಂದು ಕೇಳಿದರು. ಹೌದು, ಕೂರಿಸಿ ಹೂಳುತ್ತೇವೆ ಎಂದೆ. "ಕೂರ್ಸಿ... ಅದೂ ಒಳ್ಳೇದೇ. ಮಲಗಿಸಿದ್ರೆ ನಿದ್ದೆ ಮಾಡ್ತಿದಾನೆ, ಎಬ್ಬಿಸ್ಬೇಕು ಅನ್ಸುತ್ತೆ," ಅಂದರು. ಮಗನ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ನಾನು ಕೈಯಲ್ಲಿದ್ದ ಬನ್ ಮುರಿದು ಅರ್ಧ ಅವರಿಗೆ ಕೊಟ್ಟೆ.

ಮೊದಲ ತೊಡಕು ತಂದವನು ಪ್ರಕಾಶಕ ಗೆಳೆಯ. ಟೀಚರ್ ಎಲ್ಲವನ್ನೂ ಓದಲಿ, ಆದರೆ ದೇವರ ಮಾತಿಗೆ ಬೇರೆ ಗಂಡು ಧ್ವನಿ ಬೇಕು ಎಂದು ಪಟ್ಟು ಹಿಡಿದ.

"ಗುರು, ದೇವ್ರು ಅಂದ್ಮೇಲೆ ಒಂದು ಬೇಸ್ ಇರ್ಬೇಕು ಕಣೋ. ಸ್ವಲ್ಪ ರಿವರ್ಬ್ ಹಾಕು, ಗುಹೆಯೊಳಗಿಂದ ಬಂದ ಹಾಗೆ ಗುಂಯ್ ಅನ್ಲಿ. ಕೇಳ್ದೋರಿಗೆ ಮೈ ಜುಮ್ ಅನ್ಬೇಕು."

ಪೌರಾಣಿಕ ಧಾರಾವಾಹಿಗಳಿಗೆ ಧ್ವನಿ ಕೊಡುವ ಕಲಾವಿದರೊಬ್ಬರನ್ನು ಅವನೇ ಕಳಿಸಿದ. ಒಳ್ಳೆಯ ಮನುಷ್ಯ, ಒಳ್ಳೆಯ ಗಂಟಲು. ಮೈಕ್ ಮುಂದೆ ನಿಂತು ಎದೆ ಉಬ್ಬಿಸಿ, "ಕಿಟಕಿ ಮುಚ್ಚಲಾ ಅಮ್ಮಾ?" ಎಂದರು. ವರ ಕೊಡುವವರ ಗತ್ತು. ಸದ್ದು ಅಳೆಯುವ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ಟೀಚರ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಣ್ಣಗೆ ಹೇಳಿ ಸಾರ್, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಎಂದೆ. ಅವರು ಸಣ್ಣಗೆ ಹೇಳಿದರೂ ಆಕಾಶವಾಣಿಯೇ ಆಗುತ್ತಿತ್ತು. ಪಾಪ, ಅಷ್ಟು ವರ್ಷ ಅವರು ಮೋಡದ ಮೇಲಿಂದಲೇ ಮಾತಾಡಿ ಅಭ್ಯಾಸ.

ಅವರು ಹೋದಮೇಲೆ ಟೀಚರ್ ಹೇಳಿದರು, "ಈ ಧ್ವನಿಯವರು ಪಕ್ಕದಲ್ಲಿ ಬಂದು ಕೂತ್ರೆ ನನ್ನ ಹೆಂಗಸು ಮುಂದಿನ ಸ್ಟಾಪಲ್ಲೇ ಇಳ್ದುಬಿಡ್ತಾಳೆ ಕಣಪ್ಪ."

ಗೆಳೆಯನನ್ನು ನಾನೇ ಒಪ್ಪಿಸಿದೆ. ದೇವರ ಮಾತನ್ನೂ ಟೀಚರೇ ಓದುವುದೆಂದಾಯಿತು.

ಎರಡನೆಯ ತೊಡಕು ನನ್ನದೇ ಕೈಕೆಲಸ. ಅರ್ಧ ಪುಸ್ತಕ ಮುಗಿದಾಗ, ಎಲ್ಲ ಕೆಲಸಕ್ಕೂ ಮಾಡುವ ಹಾಗೆ, ಓದಿದ್ದನ್ನು ಸಾಫ್ಟ್‌ವೇರಿನಲ್ಲಿ ತೊಳೆದೆ. ಮಾತಿಗೂ ಮಾತಿಗೂ ನಡುವೆ ಬರುವ ಉಸಿರು, ನಾಲಿಗೆಯ ಸದ್ದು, ಕುರ್ಚಿಯ ಕಿರುಗುಟ್ಟು, ಎಲ್ಲ ಅಳಿಸಿದರೆ ಮಾತು ಮಾತ್ರ ಉಳಿಯುತ್ತದೆ. ಜಾಹೀರಾತಿನವರು ಇದಕ್ಕೇ ನನ್ನನ್ನು ಹುಡುಕಿಕೊಂಡು ಬರುವುದು. ಹೆಮ್ಮೆಯಿಂದ ಟೀಚರ್ ತಲೆಗೆ ಹೆಡ್‌ಫೋನ್ ಹಾಕಿದೆ. ಅವರು ಕಣ್ಣು ಮುಚ್ಚಿ ಒಂದು ಅಧ್ಯಾಯ ಪೂರ್ತಿ ಕೇಳಿದರು.

"ತುಂಬಾ ಕ್ಲೀನಾಗಿದೆ," ಅಂದರು. "ಆದ್ರೆ ಈ ಹೆಂಗಸು ಉಸಿರೇ ಆಡಲ್ವಲ್ಲ. ಸತ್ತಿರೋದು ಮಗ ಅಲ್ವಾ?"

ತೊಳೆದದ್ದನ್ನೆಲ್ಲ ಪಕ್ಕಕ್ಕಿಟ್ಟು ಮೊದಲಿನಿಂದ ಶುರುಮಾಡಿದೆ. ಕೆಮ್ಮು, ಹಾರ್ನು, ಪುಟ ಮಗುಚಿದ ಸದ್ದು ಮಾತ್ರ ತೆಗೆದು, ಉಸಿರನ್ನು ಇದ್ದ ಜಾಗದಲ್ಲೇ ಬಿಟ್ಟೆ. ಕೆಲಸ ಇಮ್ಮಡಿಯಾಯಿತು, ಆದರೆ ಮತ್ತೆ ಕೇಳಿದಾಗ ನನಗೇ ನಾಚಿಕೆಯಾಯಿತು. ಉಸಿರು ಎಳೆದುಕೊಳ್ಳುವ ಕಡೆಯೆಲ್ಲ ಅವರು ಅಳು ತಡೆದುಕೊಂಡಿದ್ದರು. ನಾನು ಅಳಿಸಿದ್ದು ಅದನ್ನೇ.

ಮೂರನೆಯದು ಬೋರ್‌ವೆಲ್ ಲಾರಿ. ಪಕ್ಕದ ಸೈಟಿನಲ್ಲಿ ಬಂದು ನಿಂತಿತು. ಕೊರೆಯಲು ಶುರುಮಾಡಿದರೆ ನನ್ನ ಟೇಬಲ್ ಮೇಲಿನ ಟೀ ಲೋಟ ತಾನಾಗಿ ಜರುಗುತ್ತಿತ್ತು. ಎರಡು ದಿನ ಕಾದೆವು, ನೀರು ಬರಲಿಲ್ಲ. ಸೈಟಿನ ಮಾಲೀಕರು ಬೇಜಾರಿನಲ್ಲಿ, "ಇನ್ನೊಂದು ಪಾಯಿಂಟ್ ನೋಡ್ಸಿದೀವಿ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ," ಅಂದರು. ಕಲ್ಲರೆ ಹಬ್ಬ ಹತ್ತಿರ ಬರುತ್ತಿತ್ತು.

"ನಮ್ಮನೇಲಿ ಮಾಡಕ್ಕಾಗಲ್ವಾ?" ಎಂದರು ಟೀಚರ್.

ಲ್ಯಾಪ್‌ಟಾಪು, ಮೈಕು, ಸ್ಟ್ಯಾಂಡು ಸ್ಕೂಟರಿಗೆ ಕಟ್ಟಿಕೊಂಡು ಕೆಂಗೇರಿಗೆ ಹೋದೆ. ಹೊಸ ಜಾಗಕ್ಕೆ ಹೋದರೆ ನಾನು ಮೊದಲು ಮಾಡುವ ಕೆಲಸ ಪ್ರತಿ ಕೋಣೆಯಲ್ಲೂ ನಿಂತು ಒಂದು ಚಪ್ಪಾಳೆ ಹೊಡೆಯುವುದು. ಚಪ್ಪಾಳೆ ಗೋಡೆಗೆ ಬಡಿದು ವಾಪಸ್ ಬಂದರೆ ಆ ಕೋಣೆ ಕೆಲಸಕ್ಕೆ ಬರುವುದಿಲ್ಲ. ಹಾಲ್‌ನಲ್ಲಿ ಹೊಡೆದೆ. ಟೈಲ್ಸು, ಗಾಜಿನ ಶೋಕೇಸು, ಚಪ್ಪಾಳೆ ಠಣ್ಣೆಂದಿತು. ಮಲಗುವ ಕೋಣೆಯ ಕಿಟಕಿಯಾಚೆ ವೆಲ್ಡಿಂಗ್ ಅಂಗಡಿ. ಮನೆಯೊಳಗಿನ ಓಣಿಯ ಕೊನೆಯಲ್ಲಿ ಮುಚ್ಚಿದ ಬಾಗಿಲೊಂದಿತ್ತು. ಕೆಲಸದ ಗುಂಗಿನಲ್ಲಿ ಯಾರನ್ನೂ ಕೇಳದೆ ತಳ್ಳಿ ಒಳಗೆ ಹೋಗಿ ಚಪ್ಪಾಳೆ ಹೊಡೆದೆ.

ಸದ್ದು ಅಲ್ಲೇ ಇಂಗಿಹೋಯಿತು. ಹತ್ತಿ ಹಾಸಿಗೆಯ ಮಂಚ, ದಪ್ಪ ಪರದೆ, ಒಂದು ಗೋಡೆಯುದ್ದಕ್ಕೂ ಬಟ್ಟೆಯ ಬೀರು. ಬೀರುವಿನ ತುಂಬ ಶರ್ಟು, ಜೀನ್ಸು, ಜಾಕೆಟ್ಟು. ಬಟ್ಟೆಯಷ್ಟು ಚೆನ್ನಾಗಿ ಸದ್ದು ಹೀರುವ ವಸ್ತು ಇನ್ನೊಂದಿಲ್ಲ. ಸ್ಟುಡಿಯೊಗಳಲ್ಲಿ ಸಾವಿರಾರು ರೂಪಾಯಿ ಫೋಮ್ ಅಂಟಿಸುವುದು ಇದಕ್ಕಾಗಿಯೇ. "ಇದೇ! ಇದೇ ರೂಮು!" ಎಂದು ಖುಷಿಯಿಂದ ಕೂಗಿದೆ.

ತಿರುಗಿದರೆ ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

"ಆ ರೂಮ್ ಬೇಡ ಸಾರ್," ಎಂದರು ಅಂಕಲ್.

ಅದು ಯಾರ ಕೋಣೆಯೆಂದು ಆಗ ನನಗೆ ಅರ್ಥವಾಯಿತು. ತಪ್ಪಾಯ್ತು ಎಂದು ಈಚೆ ಬಂದು ಬಾಗಿಲು ಎಳೆದುಕೊಂಡೆ. ಹಾಲ್‌ನಲ್ಲೇ ರಗ್ಗು, ಕಂಬಳಿ ಕಟ್ಟಿ, ಸೋಫಾ ಕುಶನ್‌ಗಳನ್ನು ಒಟ್ಟಿ ಏನೋ ಮಾಡಿದೆ. ಸಂಜೆಯವರೆಗೆ ಟೀಚರ್ ಒಂದೇ ಪುಟವನ್ನು ಓದಿದರು. ಒಮ್ಮೆ ವೆಲ್ಡಿಂಗ್, ಒಮ್ಮೆ ತರಕಾರಿ ಗಾಡಿಯ ಮೈಕು, ಒಮ್ಮೆ ಗೋಡೆಯ ಪ್ರತಿಧ್ವನಿ. ಕೊನೆಗೆ ಅವರ ಗಂಟಲು ಕಟ್ಟಿತು. ಅಂಕಲ್ ಅಡುಗೆಮನೆಯಿಂದ ಬಿಸಿನೀರು ಕಾಯಿಸಿ ತಂದುಕೊಡುತ್ತಲೇ ಇದ್ದರು.

ಮರುದಿನ ಬೆಳಗ್ಗೆ ಹೋದಾಗ ಓಣಿಯ ಕೊನೆಯ ಬಾಗಿಲು ತೆರೆದಿತ್ತು. ನೆಲ ಒರೆಸಿ ಇನ್ನೂ ಆರಿರಲಿಲ್ಲ. ಮಂಚದ ಪಕ್ಕ ಟೀಚರ್‌ಗೆ ಒಂದು ಕುರ್ಚಿ, ನನಗೊಂದು ಸ್ಟೂಲು.

"ಫ್ಯಾನ್ ಹಾಕ್ಬೇಡಿ, ಟಕ್ ಟಕ್ ಅನ್ನುತ್ತೆ," ಎಂದರು ಅಂಕಲ್, ನನ್ನ ಮುಖ ನೋಡದೆ. "ಅವ್ಳ ಗಂಟ್ಲು ಹೋಗ್ತಾ ಇದೆ. ಒಂದೇ ಪೇಜು ಎಷ್ಟ್ ಸಲ ಓದ್ತಾಳೆ."

ಹೇಳಿ ಹೊರಗೆ ಹೋದರು. ನಾನು ಬೀರುವಿನ ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆದು, ಬಟ್ಟೆಗಳೆಲ್ಲ ಮೈಕಿಗೆ ಮುಖ ಮಾಡುವ ಹಾಗೆ ಬಿಟ್ಟೆ. ಆಮೇಲೆ ಹಾಲ್‌ಗೆ ಬಂದು ಇಬ್ಬರಿಗೂ ಹೇಳಿದೆ, "ಒಂದು ವಿಷಯ. ಪುಸ್ತಕ ಮುಗಿಯೋವರೆಗೂ ಬೀರುವಿಂದ ಒಂದು ಬಟ್ಟೇನೂ ತೆಗೀಬೇಡಿ. ತೆಗೆದ್ರೆ ಸೌಂಡ್ ಬದಲಾಗಿಬಿಡುತ್ತೆ, ಇವತ್ತು ಓದಿದ್ದಕ್ಕೂ ನಾಳೆ ಓದೋದಕ್ಕೂ ಹೊಂದಲ್ಲ."

"ಕೇಳಿದ್ಯೇನೇ?" ಎಂದರು ಅಂಕಲ್, ಹೆಂಡತಿ ಕಡೆ ತಿರುಗಿ. "ಒಂದೂ ತೆಗೀಬಾರ್ದಂತೆ." ಅವರ ದನಿಯಲ್ಲಿ ಗೆದ್ದ ಸಂತೋಷ.

ಟೀಚರ್ ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದರು. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಚರ್ಚಿನಲ್ಲಿ ಬಡವರಿಗಾಗಿ ಬಟ್ಟೆ ಸಂಗ್ರಹ ಮಾಡುತ್ತಾರೆ. ಮಗನ ಬಟ್ಟೆ ಕೊಟ್ಟುಬಿಡೋಣ ಎಂದು ಟೀಚರ್, ಮುಟ್ಟಬೇಡ ಎಂದು ಅಂಕಲ್. ಮನೆಯಲ್ಲಿ ಉಳಿದಿದ್ದ ಜಗಳ ಅದೊಂದೇ. "ನೀವು ಬಂದು ಅವರ ಪಾರ್ಟಿ ಸೇರಿದ್ರಿ," ಎಂದು ನಕ್ಕರು. ನನಗೆ ಇಬ್ಬರ ಮೇಲೂ ಪ್ರೀತಿ ಉಕ್ಕಿ ಬಂತು.

ಅಲ್ಲಿಂದಾಚೆ ಕೆಲಸ ನೀರಿನಂತೆ ಸಾಗಿತು. ಅಂಕಲ್ ಮನೆಯ ಸದ್ದಿಗೆ ಕಾವಲು ನಿಂತರು. ರೆಕಾರ್ಡಿಂಗ್ ಹೊತ್ತಿನಲ್ಲಿ ಫ್ರಿಜ್ ಆಫ್ ಮಾಡಬೇಕು, ಮತ್ತೆ ಆನ್ ಮಾಡಲು ಮರೆತರೆ ಹಾಲು ಒಡೆಯುತ್ತದೆ. ಅದಕ್ಕೆ ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ: ಗಾಡಿ ಕೀ ಫ್ರಿಜ್ ಒಳಗೆ ಇಡುವುದು. ಕೀ ಇಲ್ಲದೆ ಮನೆಗೆ ಹೋಗುವಂತಿಲ್ಲವಲ್ಲ, ನೆನಪಾಗಲೇಬೇಕು. ಇದು ಅಂಕಲ್‌ಗೆ ಬಹಳ ಹಿಡಿಸಿತು. ನಾನು ಬಂದ ಕೂಡಲೇ ಕೈಚಾಚಿ ಕೀ ಇಸಕೊಂಡು, ಮೊಸರಿನ ಪಾತ್ರೆಯ ಪಕ್ಕ ಇಟ್ಟು, ಸ್ವಿಚ್ ಆರಿಸುತ್ತಿದ್ದರು. ಆಮೇಲೆ ಗೇಟಿನಲ್ಲಿ ನಿಂತು ಬರುವ ಹೋಗುವ ಆಟೋಗಳಿಗೆಲ್ಲ, "ಹಾರ್ನ್ ಹೊಡೀಬೇಡ್ರಪ್ಪಾ, ಒಳಗೆ ದೇವ್ರ ರೆಕಾರ್ಡಿಂಗ್ ನಡೀತಿದೆ," ಎನ್ನುತ್ತಿದ್ದರು.

ಆದರೆ ಕೋಣೆಯೊಳಗೆ ಮಾತ್ರ ಬರುತ್ತಿರಲಿಲ್ಲ. ಬಾಗಿಲು ಹಾಕಿದ ಮೇಲೆ ಅವರಿಗೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಟೀಚರ್ ಪ್ರತಿ ಅಧ್ಯಾಯ ಮುಗಿದಾಗಲೂ ಬಾಗಿಲ ಕಡೆ ನೋಡುತ್ತಿದ್ದುದನ್ನು ನಾನು ಕಂಡಿದ್ದೆ.

ಹಾಗೆ ಆ ಪ್ರಶ್ನೆಯ ಅಧ್ಯಾಯಕ್ಕೆ ಬಂದೆವು. ಟೀಚರ್ ತಡವರಿಸದೆ ಓದಿದರು. "ನನ್ನ ಮಗ ರಸ್ತೆಯಲ್ಲಿ ಬಿದ್ದಿದ್ದಾಗ ನೀನು ಎಲ್ಲಿದ್ದೆ?" ಸ್ವಲ್ಪ ತಡೆದು, "ಬಸ್ಸು ನಿಂತಿತು. ಅವನು ಇಳಿಯಲಿಲ್ಲ." ನಾನು ಲ್ಯಾಪ್‌ಟಾಪಿನಲ್ಲಿ ಎರಡರ ನಡುವೆ ಅರ್ಧ ಪುಟದಷ್ಟು ಮೌನ ಸೇರಿಸಿದೆ. ಕಂಪ್ಯೂಟರ್ ಕೊಡುವ ಮೌನವೆಂದರೆ ಬರೀ ಸೊನ್ನೆ, ಏನೂ ಇಲ್ಲ. ಕೇಳಿದರೆ ಫೋನ್ ಆಫ್ ಆದ ಹಾಗಿತ್ತು. ಗೆಳೆಯನಿಗೆ ಕಳಿಸಿದೆ.

"ಜನ ನೆಟ್ ಹೋಯ್ತು ಅಂದ್ಕೋತಾರೆ ಗುರು," ಎಂದ. "ಅಲ್ಲೊಂದು ಕೊಳಲು ಹಾಕು. ಇಲ್ಲಾಂದ್ರೆ ಟೀಚರ್ ಹತ್ರ ದೇವ್ರಿಗೆ ಒಂದ್ ನಾಲ್ಕ್ ಲೈನ್ ಸಮಾಧಾನದ ಮಾತು ಬರೆಸು. ಕೇಳೋರ್ಗೂ ಉತ್ತರ ಬೇಕಲ್ವಾ?"

ಟೀಚರ್‌ಗೆ ಹೇಳಿದೆ. ಅವರು ತಲೆಯಾಡಿಸಿದರು. "ಬರೆದು ನೋಡಿದ್ದೆ ಕಣಪ್ಪ. ಪುಟಗಟ್ಟಲೆ ಬರೆದಿದ್ದೆ. ಎಲ್ಲ ಸುಳ್ಳು ಅನ್ನಿಸ್ತು. ಮಗ ಹೋದಾಗ ಮನೆಗೆ ಬಂದೋರೆಲ್ಲ ಏನೇನೋ ಉತ್ತರ ಹೇಳಿದ್ರು. ದೇವರ ಚಿತ್ತ ಅಂದ್ರು, ಒಳ್ಳೆಯವರನ್ನ ಬೇಗ ಕರ್ಕೋತಾನೆ ಅಂದ್ರು. ಪಕ್ಕದ ಮನೆ ಅಜ್ಜಿ ಒಬ್ರು ಮಾತ್ರ ಏನೂ ಹೇಳ್ದೆ ಸಾಯಂಕಾಲದವರೆಗೂ ನನ್ನ ಪಕ್ಕ ಕೂತಿದ್ರು. ಇವತ್ತಿಗೂ ನಂಗೆ ನೆನಪಿರೋದು ಆ ಅಜ್ಜಿ."

ಅದು ಕೇಳಿದ ಮೇಲೆ ಕೊಳಲಿನ ಯೋಚನೆ ಬಿಟ್ಟೆ. ಸೊನ್ನೆಯ ಬದಲು ಆ ಕೋಣೆಯದೇ ಮೌನ ಬೇಕೆಂದು ಹೊಳೆಯಿತು. ಯಾವ ಕೋಣೆಯೂ ಪೂರ್ತಿ ನಿಶ್ಶಬ್ದವಾಗಿರುವುದಿಲ್ಲ, ಅದಕ್ಕೆ ಅದರದೇ ಒಂದು ಸಣ್ಣ ಗುಂಯ್‌ಗುಡುವಿಕೆ ಇರುತ್ತದೆ. ನಾವು ಅದನ್ನು ಬೇರೆಯಾಗಿ ಹಿಡಿದಿಟ್ಟುಕೊಂಡು ಮಾತಿನ ನಡುವೆ ಬಳಸುತ್ತೇವೆ. ಎಲ್ಲರನ್ನೂ ಹೊರಗೆ ಕಳಿಸಿ ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿದೆ. ಅದು ಖಾಲಿ ಕೋಣೆಯ ಹಾಗೇ ಕೇಳಿಸಿತು. ಟೀಚರ್ ಒಬ್ಬರನ್ನೇ ಕೂರಿಸಿ ಮಾಡಿದೆ. ಒಂಟಿ ಹೆಂಗಸಿನ ಉಸಿರು. ಆದರೆ ಕಥೆಯಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬ ಇದ್ದಾನೆ. ಕೊನೆಗೆ ನಾನೇ ಅವರ ಪಕ್ಕ ಕೂತು ನೋಡಿದೆ. ನಾನು ಉಸಿರು ಬಿಗಿಹಿಡಿದಿದ್ದೆ, ಅವರು ಸಂಕೋಚದಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಿರುವ ಇಬ್ಬರ ಮೌನ ಬಂತು.

ಸ್ಟೂಲಿನ ಮೇಲೆ ಕೂತು ಯೋಚನೆ ಮಾಡಿದೆ. ಇಷ್ಟು ಹೊತ್ತಿಗೆ ನನಗೆ ಗೊತ್ತಿತ್ತು, ಅಲ್ಲಿ ಯಾರು ಕೂರಬೇಕೆಂದು. ಕೇಳಿದರೆ ಅಂಕಲ್ ಎದ್ದು ಹೋಗುವ ಸಂಭವವೂ ಗೊತ್ತಿತ್ತು. ಒಮ್ಮೆ ಹೋದರೆ ಕೋಣೆಯ ಬಾಗಿಲು ಮತ್ತೆ ಮುಚ್ಚಬಹುದು, ಪುಸ್ತಕವೂ ನಿಲ್ಲಬಹುದು. ಅವರಿಗೆ ತಿಳಿಯದ ಹಾಗೆ ಹಾಲ್‌ನಲ್ಲಿ ಒಂದು ಮೈಕಿಟ್ಟು ಅವರ ಉಸಿರು ಹಿಡಿದುಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಕೆಲಸಕ್ಕೆ ಅದು ಸುಲಭ. ಆದರೆ ಕದ್ದು ತಂದ ಉಸಿರನ್ನು ಆ ಜಾಗದಲ್ಲಿ ಹೇಗೆ ಇಡುವುದು? ಟೀಚರ್ ಕಡೆ ನೋಡಿದೆ. ಅವರಿಗೂ ಅದೇ ಯೋಚನೆ ಬಂದಿತ್ತೆಂದು ಕಾಣುತ್ತದೆ, ಬಾಗಿಲ ಕಡೆ ನೋಡುತ್ತಿದ್ದರು. ನಾನೇ ಎದ್ದು ಗೇಟಿಗೆ ಹೋದೆ.

"ಅಂಕಲ್, ಸ್ವಲ್ಪ ಒಳಗೆ ಬಂದು ಟೀಚರ್ ಪಕ್ಕ ಕೂತ್ಕೋಬೇಕು. ಕೆಲಸಕ್ಕೆ ಬೇಕಾಗಿದೆ."

"ಓದ್ಬೇಕಾ? ನಂಗೆ ಅಕ್ಷರ ಕಾಣಲ್ಲ."

"ಓದೋದೇನೂ ಇಲ್ಲ. ಟೀಚರ್ ಒಂದು ಸಾಲು ಓದ್ತಾರೆ. ಆಮೇಲೆ ಸುಮ್ನೆ ಕೂತಿರೋದು, ಅಷ್ಟೇ. ಆ ಸಾಲು ಏನು ಅಂತ ಮೊದಲೇ ಹೇಳ್ಬಿಡ್ತೀನಿ, ಕೇಳಿ, ಬೇಡ ಅನ್ನಿಸಿದ್ರೆ ಬೇಡ." ಆ ಸಾಲನ್ನು ಹೇಳಿದೆ.

ಅವರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

"ಅದನ್ನ ನಾನೇ ಕೇಳ್ತಾ ಇದೀನಲ್ಲ ಸಾರ್, ವಾರ ವಾರ," ಅಂದರು. "ಚರ್ಚ್ ಗೇಟ್ ಹತ್ರ ನಿಂತ್ಕೊಂಡು."

"ಅವರೂ ಅದನ್ನೇ ಕೇಳ್ತಿದಾರೆ ಅಂಕಲ್."

ಅವರು ಕನ್ನಡಕ ಹಾಕಿಕೊಂಡು ಒಳಗೆ ನಡೆದರು. ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು, "ಎಲ್ಲಿ ಕೂರ್ಲಿ? ಯಾವ ಪಾರ್ಟು?" ಎಂದರು.

"ನನ್ನ ಪಕ್ಕದ ಸೀಟು," ಎಂದರು ಟೀಚರ್.

"ಡ್ರೈವರ್ ಸೀಟ್ ಬಿಟ್ರೆ ಬೇರೆ ಸೀಟಲ್ಲಿ ಕೂತು ನಂಗೆ ಅಭ್ಯಾಸ ಇಲ್ಲ ಕಣೇ."

ಹಾಗೆಂದರೂ ಮಂಚದ ಮೇಲೆ ಕೂತರು. ಟೀಚರ್ ಕುರ್ಚಿಯಿಂದ ಎದ್ದು ಮಗನ ಮಂಚದ ಮೇಲೆ ಅವರ ಪಕ್ಕಕ್ಕೇ ಕೂತರು. ಮೈಕನ್ನು ಇಬ್ಬರ ನಡುವೆ ತಗ್ಗಿಸಿದೆ. ಪ್ರಶ್ನೆ, ಮೌನ, ಕೊನೆಯ ಎರಡು ವಾಕ್ಯ, ಎಲ್ಲ ಒಂದೇ ಸಲಕ್ಕೆ ರೆಕಾರ್ಡ್ ಮಾಡುವುದು, ತುಂಡು ಮಾಡಿ ಜೋಡಿಸುವುದು ಬೇಡ ಎಂದು ತೀರ್ಮಾನ ಮಾಡಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕೈ ಎತ್ತಿ ಸನ್ನೆ ಮಾಡಿದೆ.

ಟೀಚರ್ ಓದಿದರು. ಅಷ್ಟು ದಿನ ಮೈಕಿಗೆ ಓದುತ್ತಿದ್ದವರು ಈ ಸಲ ಕೇಳಿದರು, ನಿಜವಾಗಿ. "ನನ್ನ ಮಗ ರಸ್ತೆಯಲ್ಲಿ ಬಿದ್ದಿದ್ದಾಗ ನೀನು ಎಲ್ಲಿದ್ದೆ?"

ಮಂಚ ಒಮ್ಮೆ ಕಿರ್ ಎಂದಿತು. ಅಂಕಲ್ ಎದ್ದರು ಎಂದುಕೊಂಡೆ. ಎದ್ದಿರಲಿಲ್ಲ, ಸ್ವಲ್ಪ ಹತ್ತಿರ ಸರಿದಿದ್ದರು ಅಷ್ಟೇ. ಅವರ ಉಸಿರು ಭಾರವಾಗಿ ಬಂತು, ನಿಂತಿತು, ಮತ್ತೆ ಬಂತು. ಟೀಚರ್ ಉಸಿರು ಮೊದಲು ಚಿಕ್ಕದಾಗಿ ತುಂಡು ತುಂಡಾಗಿ ಬರುತ್ತಿತ್ತು, ನಿಧಾನವಾಗಿ ಅವರದರ ಜೊತೆ ಕೂಡಿಕೊಂಡಿತು. ಬಳೆ ಒಂದು ಸಲ ಸದ್ದು ಮಾಡಿತು. ತಲೆ ಎತ್ತಿ ನೋಡಿದರೆ ಅಂಕಲ್ ಕೈ ಅವರ ಮಣಿಕಟ್ಟಿನ ಮೇಲಿತ್ತು. ಅರ್ಧ ಪುಟದ ಮೌನ ಎಂದೋ ಮುಗಿದಿತ್ತು. ನಾನು ನಿಲ್ಲಿಸಲು ಹೇಳಲಿಲ್ಲ. ನನ್ನ ಕಣ್ಣು ತುಂಬಿ ಮೀಟರ್ ಕಾಣುತ್ತಿರಲಿಲ್ಲ, ಮೂಗು ಎಳೆದುಕೊಂಡರೆ ಮೈಕಿಗೆ ಬೀಳುತ್ತದೆಂದು ಬಾಯಲ್ಲಿ ಉಸಿರಾಡುತ್ತಿದ್ದೆ.

"ಬಸ್ಸು ನಿಂತಿತು," ಎಂದರು ಟೀಚರ್ ಕೊನೆಗೆ. "ಅವನು ಇಳಿಯಲಿಲ್ಲ."

ರೆಕಾರ್ಡಿಂಗ್ ನಿಲ್ಲಿಸಿದೆ. ಮೊದಲು ಮಾತಾಡಿದ್ದು ಅಂಕಲ್.

"ಇಳೀಲಿಲ್ವಾ? ಎಲ್ಲೀವರೆಗೂ ಟಿಕೆಟ್ ತಗೊಂಡಿದಾನಂತೆ ಅವ್ನು?"

"ಅದು ನಾನು ಬರ್ದಿಲ್ಲ," ಎಂದರು ಟೀಚರ್. "ನಂಗೂ ಗೊತ್ತಿಲ್ಲ."

ಅಂಕಲ್ ತಲೆಯಾಡಿಸಿದರು. ಎದುರಿಗೆ ತೆರೆದಿದ್ದ ಬೀರುವಿನ ಬಟ್ಟೆಗಳನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ಕೈಚಾಚಿದರು, ಗಾಡಿ ಕೀ ಇಸಕೊಳ್ಳುವ ಹಾಗೆ.

"ಅದನ್ನ ಕೊಡಿ ಸಾರ್, ಕಿವೀಗೆ ಹಾಕ್ಕೊಳ್ಳೋದು. ಮೊದ್ಲಿಂದ ಹಾಕಿ. ನಡುವೆ ಕೇಳಿದ್ರೆ ನಂಗೇನ್ ಗೊತ್ತಾಗುತ್ತೆ?"

ಹೆಡ್‌ಫೋನ್ ಅವರ ತಲೆಗೆ ಹಾಕಿ ಮೊದಲ ಅಧ್ಯಾಯ ಒತ್ತಿದೆ. ಟೀಚರ್ ಅಡುಗೆಮನೆಗೆ ಹೋಗಿ, ಫ್ರಿಜ್ ಆನ್ ಮಾಡಿ, ನನ್ನ ಕೀ ಹಿಡಿದುಕೊಂಡು ಅಲ್ಲೇ ನಿಂತು ಅತ್ತರು. ಕೀ ನನಗೆ ಕೊಡುವಾಗ ಅದು ಅವರ ಕೈಯಲ್ಲಿ ಬೆಚ್ಚಗಾಗಿತ್ತು.

ಉಳಿದದ್ದು ಸಲೀಸು. ಗೆಳೆಯ ಆ ಭಾಗವನ್ನು ಕೇಳಿ ಕೊಳಲಿನ ಮಾತೆತ್ತಲಿಲ್ಲ, "ಮಂಚದ ಸದ್ದು ಇರ್ಲಿ, ತೆಗೀಬೇಡ," ಎಂದ. ಹಬ್ಬಕ್ಕೆ ಮುಂಚೆಯೇ ಎಲ್ಲ ಮುಗಿಯಿತು. ಸಮಾಧಿಗೆ ಇಬ್ಬರೂ ಒಟ್ಟಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದರೆಂದು ಟೀಚರ್ ಹೇಳಿದರು. ಅಂಕಲ್ ಚರ್ಚಿನ ಒಳಗೆ ಹೋದರೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರ್ ಬಂದಾಗ ಅಂಕಲ್ ಫೋನ್ ಮಾಡಿದರು.

"ಸಾರ್, ಪುಸ್ತಕ ಪೂರ್ತಿ ಮುಗೀತಲ್ವಾ? ಇನ್ನೇನೂ ರೆಕಾರ್ಡ್ ಮಾಡೋದು ಬಾಕಿ ಇಲ್ವಲ್ಲ?"

"ಇಲ್ಲ ಅಂಕಲ್. ಆ್ಯಪಲ್ಲೂ ಬಂದಾಯ್ತು. ಯಾಕೆ?"

"ಏನಿಲ್ಲ. ಬಟ್ಟೆ ತೆಗೆದ್ರೆ ಸೌಂಡ್ ಬದಲಾಗುತ್ತೆ ಅಂದಿದ್ರಲ್ಲ, ಅದಕ್ಕೆ ಕೇಳ್ದೆ. ಈಗ ತೆಗೀಬಹುದಾ?"

ತೆಗೆಯಬಹುದು ಎಂದೆ. ಆ ಭಾನುವಾರ ನಾನೂ ಹೋದೆ, ಬಟ್ಟೆಯ ಗಂಟು ಹೊರಲು ಒಂದು ಕೈ ಹೆಚ್ಚಾಗಲಿ ಎಂದು. ಹೋಗುವಷ್ಟರಲ್ಲಿ ಚರ್ಚಿನವರ ಗಾಡಿ ಬಂದು ಎಲ್ಲ ತುಂಬಿಕೊಂಡು ಹೊರಟಿತ್ತು. ನನ್ನ ಹಣೆಯಲ್ಲಿ ವಿಭೂತಿ ಇದೆಯೇ ಎಂದು ಟೀಚರ್ ಒಮ್ಮೆ ನೋಡಿ, ಕಾಫಿ ಮಾಡಲು ಒಳಗೆ ಹೋದರು. ಅಂಕಲ್ ಓಣಿಯ ಕೊನೆಯ ಕೋಣೆಯಲ್ಲಿ, ಖಾಲಿ ಬೀರುವಿನ ಮುಂದೆ ನಿಂತಿದ್ದರು. ಹಾಸಿಗೆ, ಪರದೆಯೂ ಹೋಗಿದ್ದವು. ನನ್ನನ್ನು ಕಂಡು, ನಾನು ಮಾಡಿದ್ದ ಹಾಗೆಯೇ ಕೋಣೆಯ ನಡುವೆ ಬಂದು, ಎರಡೂ ಕೈ ಎತ್ತಿ ಒಂದು ಚಪ್ಪಾಳೆ ಹೊಡೆದರು. ಸದ್ದು ನಾಲ್ಕೂ ಗೋಡೆಗೆ ಬಡಿದು ಮನೆಯೆಲ್ಲ ಕೇಳಿಸಿತು.

"ಯಾರದು, ಆ ರೂಮಲ್ಲಿ?" ಎಂದು ಟೀಚರ್ ಅಡುಗೆಮನೆಯಿಂದ ಕೂಗಿದರು.

"ನಾನೇ ಕಣೇ," ಎಂದರು ಅಂಕಲ್. "ಇಲ್ಲೇ ಇದೀನಿ."